ಎಲೆಕ್ಟ್ರಿಷಿಯನ್ ಲೈಸೆನ್ಸ್ ಪರೀಕ್ಷೆ: ಲೆಕ್ಕದ ಪ್ರಶ್ನೆಗಳಿಗೆ ನಾನು ತಯಾರಾದ ಬಗೆ

ಎಲೆಕ್ಟ್ರಿಷಿಯನ್ ಲೈಸೆನ್ಸ್ ಪರೀಕ್ಷೆಗೆ ಕೂರುವವರಲ್ಲಿ ಬಹಳಷ್ಟು ಮಂದಿ ಕೆಲಸ ಮಾಡುತ್ತಲೇ ಕಲಿತವರು. ವೈರಿಂಗ್ ಎಳೆಯುವುದು, ಬೋರ್ಡ್ ಕಟ್ಟುವುದು, ಮೋಟಾರಿಗೆ ಸ್ಟಾರ್ಟರ್ ಜೋಡಿಸುವುದು ಅವರಿಗೆ ಕೈಬಂದ ಕೆಲಸ. ಸುರಕ್ಷತೆಯ ನಿಯಮಗಳನ್ನು ಓದಿ ನೆನಪಿನಲ್ಲಿಟ್ಟುಕೊಳ್ಳುವುದೂ ಅಷ್ಟೇನು ಕಷ್ಟವಲ್ಲ. ಅಳುಕು ಇರುವುದು ಲೆಕ್ಕದ ಪ್ರಶ್ನೆಗಳ ವಿಷಯದಲ್ಲಿ. ನನ್ನ ತಯಾರಿಯ ಬಹುಪಾಲು ಸಮಯವನ್ನು ನಾನು ಈ ಪ್ರಶ್ನೆಗಳಿಗೇ ಮೀಸಲಿಟ್ಟೆ. ಹಳೆಯ ಪ್ರಶ್ನೆಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದಂತೆ ನನಗೆ ಮನದಟ್ಟಾದದ್ದು ಇಷ್ಟು: ಬೇಕಾಗುವ ಸೂತ್ರಗಳು ಬೆರಳೆಣಿಕೆಯಷ್ಟು ಮಾತ್ರ, ಆದರೆ ಪ್ರಶ್ನೆಯಲ್ಲಿ ಏನು ಬದಲಾಗುತ್ತದೆ, ಏನು ಬದಲಾಗದೆ ಉಳಿಯುತ್ತದೆ ಎಂಬುದನ್ನು ಗುರುತಿಸದೆ ಆ ಸೂತ್ರಗಳಲ್ಲಿ ಯಾವುದನ್ನೂ ಸರಿಯಾಗಿ ಬಳಸಲಾಗುವುದಿಲ್ಲ.

ಹೀಟರಿನ ಪ್ರಶ್ನೆಯನ್ನೇ ನೋಡಿ. 230 ವೋಲ್ಟ್, 2000 ವ್ಯಾಟ್ ಎಂದು ಬರೆದಿರುವ ಹೀಟರಿಗೆ 207 ವೋಲ್ಟ್ ಮಾತ್ರ ಸಿಕ್ಕರೆ ಅದು ಎಷ್ಟು ವ್ಯಾಟ್ ಎಳೆಯುತ್ತದೆ? ವೋಲ್ಟೇಜ್ ಶೇಕಡಾ 10 ಕಡಿಮೆಯಾಗಿದೆ, ಆದ್ದರಿಂದ ಉತ್ತರ 1800 ಎಂದು ಮನಸ್ಸು ಥಟ್ಟನೆ ಹೇಳುತ್ತದೆ; ಕೊಟ್ಟಿರುವ ಆಯ್ಕೆಗಳಲ್ಲಿ 1800 ಇದ್ದೇ ಇರುತ್ತದೆ. ಇಲ್ಲಿ ಬದಲಾಗದೆ ಉಳಿಯುವುದು ಹೀಟರಿನ ಕಾಯಿಲ್, ಅಂದರೆ ಅದರ ರೋಧ (ಕರೆಂಟಿಗೆ ಅದು ಒಡ್ಡುವ ತಡೆ). 230ರ ವರ್ಗವನ್ನು 2000ದಿಂದ ಭಾಗಿಸಿದರೆ 26.45 ಓಮ್ ಬರುತ್ತದೆ. 207ರ ವರ್ಗವನ್ನು ಆ 26.45ರಿಂದ ಭಾಗಿಸಿದರೆ 1620 ವ್ಯಾಟ್. ವೋಲ್ಟೇಜ್ ಕುಗ್ಗಿದಾಗ ಕರೆಂಟೂ ಅದೇ ಪ್ರಮಾಣದಲ್ಲಿ ಕುಗ್ಗುವುದರಿಂದ ವ್ಯಾಟ್ ಎರಡು ಸಲ ಪೆಟ್ಟು ತಿನ್ನುತ್ತದೆ: 0.9ನ್ನು 0.9ರಿಂದ ಗುಣಿಸಿದರೆ 0.81, ಎರಡು ಸಾವಿರದ ಶೇಕಡಾ 81 ಎಂದರೆ 1620. ಈ ಒಂದು ಪ್ರಶ್ನೆಯನ್ನು ಬೇರೆ ಬೇರೆ ಸಂಖ್ಯೆಗಳಿಟ್ಟು ಮತ್ತೆ ಮತ್ತೆ ಬಿಡಿಸಿದ್ದರಿಂದ ನನಗೆ ಓಮ್ ನಿಯಮ (ವೋಲ್ಟೇಜ್ ಎಂದರೆ ಕರೆಂಟ್ ಮತ್ತು ರೋಧದ ಗುಣಲಬ್ಧ) ನಿಜವಾಗಿ ಅರ್ಥವಾಯಿತು. 40 ವ್ಯಾಟ್ ಮತ್ತು 100 ವ್ಯಾಟಿನ ಎರಡು ಬುರುಡೆ ಬಲ್ಬುಗಳನ್ನು ಒಂದರ ಹಿಂದೊಂದು ಸೀರೀಸ್‌ನಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ ಎಂಬ ಪ್ರಶ್ನೆಯೂ ಇದೇ ಜಾತಿಯದು. ಅಲ್ಲಿ ಎರಡಕ್ಕೂ ಸಮಾನವಾಗಿರುವುದು ಕರೆಂಟ್. ರೋಧ ಹೆಚ್ಚಿರುವುದು 40 ವ್ಯಾಟಿನ ಬಲ್ಬಿಗೆ. ಹಾಗಾಗಿ ಹೆಚ್ಚು ಬೆಳಗುವುದು ಅದೇ.

ಅಂದಿನಿಂದ ಪ್ರತಿಯೊಂದು ಲೆಕ್ಕದ ತಲೆಯಲ್ಲೂ ಮೂರು ಸಂಗತಿಗಳನ್ನು ಬರೆಯುವ ರೂಢಿ ಮಾಡಿಕೊಂಡೆ: ಕೊಟ್ಟಿರುವುದು ಏನು, ಕೇಳಿರುವುದು ಏನು, ಬದಲಾಗದಿರುವುದು ಏನು. ಪ್ರತಿ ಸಂಖ್ಯೆಯ ಮುಂದೆ ಅದರ ಏಕಮಾನವನ್ನೂ ಬರೆಯುತ್ತಿದ್ದೆ. ನಿಮಿಷವನ್ನು ಗಂಟೆಗೆ, ಮಿಲಿವೋಲ್ಟನ್ನು ವೋಲ್ಟಿಗೆ, ವ್ಯಾಟನ್ನು ಕಿಲೋವ್ಯಾಟಿಗೆ ತರುವ ಕೆಲಸ ಸೂತ್ರಕ್ಕೆ ಕೈ ಹಾಕುವ ಮೊದಲೇ ಮುಗಿದಿರಬೇಕು. 1500 ವ್ಯಾಟಿನ ಇಸ್ತ್ರಿಪೆಟ್ಟಿಗೆ 40 ನಿಮಿಷ ಉರಿದರೆ ಎಷ್ಟು ಯೂನಿಟ್ (ಕಿಲೋವ್ಯಾಟ್-ಗಂಟೆ) ಎಂಬ ಪ್ರಶ್ನೆ, 1.5 ಕಿಲೋವ್ಯಾಟ್ ಮತ್ತು ಮೂರನೇ ಎರಡು ಗಂಟೆ ಎಂದು ಬರೆದುಕೊಂಡ ಕೂಡಲೇ ಬಾಯಿಲೆಕ್ಕದಲ್ಲೇ ಒಂದು ಯೂನಿಟ್ ಎಂದು ಬಿಡಿಸಿಕೊಳ್ಳುತ್ತದೆ.

ನಾನು ಅತಿ ಹೆಚ್ಚು ಕಾಲ ಕೊಟ್ಟದ್ದು ವೋಲ್ಟೇಜ್ ಡ್ರಾಪ್‌ಗೆ, ಅಂದರೆ ತಂತಿಯ ರೋಧದಿಂದಾಗಿ ದಾರಿಯಲ್ಲೇ ಕಳೆದುಹೋಗುವ ವೋಲ್ಟೇಜಿಗೆ, ಏಕೆಂದರೆ ಪರೀಕ್ಷೆಯಲ್ಲಿಯೂ ದಿನದ ಕೆಲಸದಲ್ಲಿಯೂ ಅದು ಬಿಡದೆ ಎದುರಾಗುತ್ತದೆ. ಬೋರ್ಡಿನಿಂದ 30 ಮೀಟರ್ ದೂರದಲ್ಲಿ ಸಿಂಗಲ್ ಫೇಸ್ ಲೋಡ್ ಇದೆ, ಕರೆಂಟ್ 16 ಆಂಪಿಯರ್, ತಂತಿ 2.5 ಚದರ ಮಿಲಿಮೀಟರಿನ ತಾಮ್ರ ಎಂದುಕೊಳ್ಳೋಣ. ಕೋಣೆಯ ಉಷ್ಣತೆಯಲ್ಲಿ ಒಂದು ಚದರ ಮಿಲಿಮೀಟರ್ ದಪ್ಪದ, ಒಂದು ಮೀಟರ್ ಉದ್ದದ ತಾಮ್ರಕ್ಕೆ ಸುಮಾರು 0.0172 ಓಮ್ ರೋಧ. ಇಲ್ಲಿ ಗಮನವಿಡಬೇಕಾದದ್ದು ದೂರ ಮತ್ತು ತಂತಿಯ ಉದ್ದ ಒಂದೇ ಅಲ್ಲ ಎಂಬುದು: ಕರೆಂಟ್ ಫೇಸಿನಲ್ಲಿ ಹೋಗಿ ನ್ಯೂಟ್ರಲ್‌ನಲ್ಲಿ ಮರಳಬೇಕು, ಆದ್ದರಿಂದ ಉದ್ದ 60 ಮೀಟರ್. 0.0172ನ್ನು 60ರಿಂದ ಗುಣಿಸಿ 2.5ರಿಂದ ಭಾಗಿಸಿದರೆ 0.413 ಓಮ್, ಅದನ್ನು 16ರಿಂದ ಗುಣಿಸಿದರೆ 6.6 ವೋಲ್ಟ್, ಎಂದರೆ 230ರಲ್ಲಿ ಶೇಕಡಾ 2.9ರಷ್ಟು. ಮರಳುವ ದಾರಿಯನ್ನು ಬಿಟ್ಟವರಿಗಾಗಿ 3.3 ಎಂಬ ಆಯ್ಕೆ ಕಾದು ಕುಳಿತಿರುತ್ತದೆ. ಸಮತೋಲನದ ತ್ರೀ ಫೇಸ್ ಲೋಡ್ ಆದರೆ ಎರಡರ ಬದಲು 3ರ ವರ್ಗಮೂಲವಾದ 1.732ರಿಂದ ಗುಣಿಸಬೇಕು.

ಇದೇ ಪ್ರಶ್ನೆಯನ್ನು ಕೇಬಲ್ ಕೋಷ್ಟಕದ ಮೂಲಕವೂ ಕೇಳುತ್ತಾರೆ: ಪ್ರತಿ ಆಂಪಿಯರಿಗೆ, ಪ್ರತಿ ಮೀಟರಿಗೆ 18 ಮಿಲಿವೋಲ್ಟ್ ಎಂದು ಕೊಟ್ಟಿರುತ್ತಾರೆ. ಸಿಂಗಲ್ ಫೇಸಿಗೆಂದು ಕೊಡುವ ಇಂಥ ಕೋಷ್ಟಕದ ಸಂಖ್ಯೆಯಲ್ಲಿ ಹೋಗುವ ಮತ್ತು ಮರಳುವ ತಂತಿಗಳೆರಡೂ ಸಾಮಾನ್ಯವಾಗಿ ಸೇರಿಯೇ ಇರುತ್ತವೆ, ಆದ್ದರಿಂದ ಅಲ್ಲಿ 30 ಮೀಟರನ್ನು ಎರಡುಪಟ್ಟು ಮಾಡಬಾರದು. ಉತ್ತರ 8.64 ವೋಲ್ಟ್. ಇದು ಹಿಂದಿನ ಉತ್ತರಕ್ಕಿಂತ ಹೆಚ್ಚಾಗಿರಲು ಮುಖ್ಯ ಕಾರಣ, ಕೋಷ್ಟಕವು ಲೋಡಿನಲ್ಲಿ ಬಿಸಿಯಾದ ತಂತಿಗೆ ತಯಾರಾಗಿರುವುದು. 20 ಡಿಗ್ರಿಯಿಂದ 70 ಡಿಗ್ರಿಗೆ ಏರಿದ ತಾಮ್ರದ ರೋಧ ಸುಮಾರು ಶೇಕಡಾ 20 ಹೆಚ್ಚುತ್ತದೆ. ಕೊಟ್ಟ ಸಂಖ್ಯೆ ತಂತಿಯದೋ ಕೋಷ್ಟಕದ್ದೋ ಎಂಬುದನ್ನು ಎರಡು ಸಲ ಓದಿಯೇ ಮುಂದುವರಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ತಂತಿಯ ದಪ್ಪವನ್ನು ವ್ಯಾಸದಲ್ಲಿ ಕೊಟ್ಟಿದ್ದರೂ ಹಾಗೆಯೇ. ವ್ಯಾಸ ಇಮ್ಮಡಿಯಾದರೆ ಅಡ್ಡಕೊಯ್ತದ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ರೋಧ ಕಾಲುಭಾಗಕ್ಕೆ ಇಳಿಯುತ್ತದೆ.

ಮೋಟಾರಿನ ಲೆಕ್ಕದಲ್ಲಿ ನೇಮ್‌ಪ್ಲೇಟಿನ ಹಾರ್ಸ್‌ಪವರ್ ಶಾಫ್ಟಿನಲ್ಲಿ ಸಿಗುವ ಶಕ್ತಿಯನ್ನು ಹೇಳುತ್ತದೆಯೇ ಹೊರತು ಲೈನಿನಿಂದ ಎಳೆಯುವ ಶಕ್ತಿಯನ್ನಲ್ಲ. 5 ಹಾರ್ಸ್‌ಪವರ್, 415 ವೋಲ್ಟ್, ದಕ್ಷತೆ ಶೇಕಡಾ 88, ಪವರ್ ಫ್ಯಾಕ್ಟರ್ (ವೋಲ್ಟೇಜ್ ಮತ್ತು ಕರೆಂಟಿನ ಗುಣಲಬ್ಧದಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.85 ಎಂದಿದ್ದರೆ, 5ನ್ನು 746ರಿಂದ (ಒಂದು ಹಾರ್ಸ್‌ಪವರಿಗೆ ಇಷ್ಟು ವ್ಯಾಟ್) ಗುಣಿಸಿ 3730 ವ್ಯಾಟ್, ಅದನ್ನು 0.88ರಿಂದ ಭಾಗಿಸಿ 4239 ವ್ಯಾಟ್, ಅದನ್ನು 1.732, 415, 0.85 ಇವುಗಳ ಗುಣಲಬ್ಧದಿಂದ ಭಾಗಿಸಿ 6.9 ಆಂಪಿಯರ್. ಲೆಕ್ಕ ಮುಗಿದ ಮೇಲೆ ನಾನು ಇನ್ನೊಂದು ಕೆಲಸ ಮಾಡುತ್ತಿದ್ದೆ: ಒಂದೊಂದೇ ಹೆಜ್ಜೆಯನ್ನು ಬೇಕೆಂದೇ ಬಿಟ್ಟು ಯಾವ ಉತ್ತರ ಬರುತ್ತದೆಂದು ನೋಡುತ್ತಿದ್ದೆ. ದಕ್ಷತೆ ಬಿಟ್ಟರೆ 6.1, ದಕ್ಷತೆ ಮತ್ತು ಪವರ್ ಫ್ಯಾಕ್ಟರ್ ಎರಡನ್ನೂ ಬಿಟ್ಟರೆ 5.2, 1.732 ಬಿಟ್ಟರೆ 12. ತಪ್ಪು ಆಯ್ಕೆಗಳನ್ನು ಕಟ್ಟುವುದು ಹೆಚ್ಚಾಗಿ ಹೀಗೆಯೇ, ಆದ್ದರಿಂದ ನನ್ನ ಉತ್ತರ ಆಯ್ಕೆಗಳಲ್ಲಿ ಸಿಕ್ಕಿತೆಂಬ ಮಾತ್ರಕ್ಕೆ ಅದು ಸರಿ ಎಂದು ನಂಬುವುದನ್ನು ಬಿಟ್ಟೆ. ಅದಕ್ಕಿಂತ ಒಳ್ಳೆಯ ಪರೀಕ್ಷೆ ಅಂದಾಜು. ಈ ವೋಲ್ಟೇಜಿನ ತ್ರೀ ಫೇಸ್ ಮೋಟಾರಿಗೆ ಹಾರ್ಸ್‌ಪವರಿಗೆ ಸುಮಾರು ಒಂದೂವರೆ ಆಂಪಿಯರ್ ಎಂಬ ಲೆಕ್ಕ ಕೆಲಸಗಾರರ ಬಾಯಲ್ಲೇ ಇದೆ; ಅದರಂತೆ ಏಳರ ಆಸುಪಾಸಿನ ಉತ್ತರ ಬರಬೇಕು, 12 ಬಂದರೆ ಅಲ್ಲಿಯೇ ನಿಲ್ಲಬೇಕು. ಕೈಕೆಲಸ ಬಲ್ಲವರಿಗೆ ಈ ಅಂದಾಜು ದೊಡ್ಡ ಆಸ್ತಿ, ಅದನ್ನು ಪರೀಕ್ಷಾ ಕೊಠಡಿಯ ಹೊರಗೆ ಬಿಟ್ಟು ಹೋಗಬಾರದು.

ಪವರ್ ಫ್ಯಾಕ್ಟರ್ ಸುಧಾರಿಸಲು ಎಷ್ಟು ಕೆಪಾಸಿಟರ್ ಬೇಕು ಎಂಬ ಪ್ರಶ್ನೆ ಹಲವರನ್ನು ಹೆದರಿಸುತ್ತದೆ. ಇಲ್ಲಿ ಬದಲಾಗದಿರುವುದು ಕಿಲೋವ್ಯಾಟ್ ಎಂದು ಬರೆದುಕೊಂಡರೆ ಹೆದರಿಕೆ ಅರ್ಧ ಇಳಿಯುತ್ತದೆ. 10 ಕಿಲೋವ್ಯಾಟಿನ ಲೋಡಿಗೆ ಪವರ್ ಫ್ಯಾಕ್ಟರ್ 0.8 ಇದ್ದಾಗ ರಿಯಾಕ್ಟಿವ್ ಪಾಲು, ಅಂದರೆ ಕೆಲಸ ಮಾಡದೆ ಲೈನಿನಲ್ಲಿ ಹೋಗಿ ಬರುವ ಶಕ್ತಿ, 7.5 ಕೆವಿಎಆರ್ (ಆ ಪಾಲನ್ನು ಅಳೆಯುವ ಏಕಮಾನ), 0.95 ಆದಾಗ ಸುಮಾರು 3.3, ಕೆಪಾಸಿಟರ್ ಕೊಡಬೇಕಾದದ್ದು ಇವುಗಳ ನಡುವಿನ 4.2 ಮಾತ್ರ. ಕಿಲೋವ್ಯಾಟ್ ಮತ್ತು ರಿಯಾಕ್ಟಿವ್ ಪಾಲನ್ನು ಎರಡು ಬಾಹುಗಳಾಗಿ ಬರೆದರೆ ಪವರ್ ಫ್ಯಾಕ್ಟರ್ 0.8 ಮತ್ತು 0.6ರ ತ್ರಿಕೋನಗಳು 3, 4, 5ರ ಅನುಪಾತದವು, ಅವನ್ನು ಬಾಯಿಪಾಠ ಮಾಡಿಕೊಂಡೆ. ಟ್ರಾನ್ಸ್‌ಫಾರ್ಮರಿನಲ್ಲಿ ಕಬ್ಬಿಣದ (ಕೋರಿನ) ನಷ್ಟ ಲೋಡ್ ಎಷ್ಟಿದ್ದರೂ ಹೆಚ್ಚುಕಡಿಮೆ ಒಂದೇ, ತಾಮ್ರದ (ಸುರುಳಿ ತಂತಿಯ) ನಷ್ಟ ಮಾತ್ರ ಅರ್ಧ ಲೋಡಿನಲ್ಲಿ ಕಾಲುಭಾಗಕ್ಕೆ ಇಳಿಯುತ್ತದೆ. ಅದೇ ಮೂರು ಕಾಯಿಲ್‌ಗಳನ್ನು ಅದೇ ಲೈನಿಗೆ ಸ್ಟಾರ್‌ನಿಂದ ಡೆಲ್ಟಾಕ್ಕೆ (ಒಂದೊಂದು ತುದಿಯನ್ನು ಒಟ್ಟಿಗೆ ಕಟ್ಟುವ ಜೋಡಣೆಯಿಂದ ತ್ರಿಕೋನದಂತೆ ಜೋಡಿಸುವುದಕ್ಕೆ) ಬದಲಿಸಿದರೆ ವ್ಯಾಟ್ ಮೂರು ಪಟ್ಟಾಗುತ್ತದೆ. ಮೋಟಾರಿನ ವೇಗ, ಸ್ಲಿಪ್‌ಗಳ ಲೆಕ್ಕ ಸುಲಭ; ಸ್ಲಿಪ್ ಎಂದರೆ ಮೋಟಾರು ಸಿಂಕ್ರೊನಸ್ ವೇಗಕ್ಕಿಂತ, ಅಂದರೆ ಅದರೊಳಗಿನ ಕಾಂತಕ್ಷೇತ್ರ ಸುತ್ತುವ ವೇಗಕ್ಕಿಂತ, ಹಿಂದೆ ಬೀಳುವ ಪ್ರಮಾಣ. 4 ಪೋಲ್, 50 ಹರ್ಟ್ಸ್‌ಗೆ ಸಿಂಕ್ರೊನಸ್ ವೇಗ ನಿಮಿಷಕ್ಕೆ 1500 ಸುತ್ತು ಎಂಬುದು ನೆನಪಿದ್ದರೆ ಉಳಿದದ್ದು ಶೇಕಡಾವಾರು ಲೆಕ್ಕ ಅಷ್ಟೆ.

ತಯಾರಿಯ ಕೊನೆಯ ಹಂತದಲ್ಲಿ ಆಯ್ಕೆಗಳನ್ನು ಕಾಗದದಿಂದ ಮುಚ್ಚಿ, ಮೊದಲು ಅಂದಾಜು ಬರೆದು, ಆಮೇಲೆ ಲೆಕ್ಕ ಮಾಡುತ್ತಿದ್ದೆ. ಪರೀಕ್ಷೆಯಲ್ಲಿ ಬಳಸಲು ಅನುಮತಿಯಿರುವ ಮಾದರಿಯ ಕ್ಯಾಲ್ಕುಲೇಟರಿನಲ್ಲೇ ಅಭ್ಯಾಸ ಮಾಡಿದೆ, ನಡುವಿನ ಹೆಜ್ಜೆಗಳಲ್ಲಿ ದಶಮಾಂಶಗಳನ್ನು ಕತ್ತರಿಸದೆ ಕೊನೆಯಲ್ಲಿ ಮಾತ್ರ ಉತ್ತರವನ್ನು ಸಮೀಪದ ಸಂಖ್ಯೆಗೆ ಇಳಿಸಿಕೊಂಡೆ. ಪರೀಕ್ಷೆಯ ದಿನ ಒಂದೇ ಹೆಜ್ಜೆಯ ಲೆಕ್ಕಗಳನ್ನು ಮೊದಲ ಸುತ್ತಿನಲ್ಲಿ ಮುಗಿಸಿ, ಮೋಟಾರ್ ಮತ್ತು ಕೆಪಾಸಿಟರಿನ ಉದ್ದ ಲೆಕ್ಕಗಳಿಗೆ ಎರಡನೇ ಸುತ್ತಿನಲ್ಲಿ ಬಂದೆ. ಹಾಗೆ ಮಾಡಿದ್ದರಿಂದ ಅವುಗಳ ಪ್ರತಿ ಹೆಜ್ಜೆಯನ್ನೂ ಏಕಮಾನದೊಂದಿಗೆ ಬರೆದು ತಾಳೆ ನೋಡುವಷ್ಟು ಸಮಯ ಉಳಿಯಿತು.