ಚಾ ಕುದಿಯುವಷ್ಟರಲ್ಲಿ ನಿಲ್ಲುತ್ತಿದ್ದ ಚಾನೆಲ್: ಮಲ್ಟಿಕಾಸ್ಟ್ ಜೊತೆ ನನ್ನ ಅನುಭವ

ಗೋವಾದ ವಾಸ್ಕೋದಲ್ಲಿ ಟಿವಿ ಕೇಬಲ್ ಎಳೆಯಲು ಶುರು ಮಾಡಿ ಇಪ್ಪತ್ತು ವರ್ಷ ದಾಟಿತು. ಬಾಯ್ನಾ, ಮಂಗೋರ್ ಹಿಲ್, ಸಡಾ ಸೇರಿ ಸುಮಾರು 500 ಮನೆ. ಅರ್ಧಕ್ಕರ್ಧ ನಮ್ಮ ಬಿಜಾಪುರ, ಬಾಗಲಕೋಟೆ ಕಡೆಯವರು. ಹಳೇ ಕೋಆಕ್ಸ್ ಕೇಬಲ್ ಕಿತ್ತು ಜಿಪಾನ್ (ಒಂದೇ ಫೈಬರನ್ನು ಹಲವು ಮನೆಗೆ ಹಂಚುವ ಜಾಲ) ಹಾಕುವಾಗ ಟಿವಿಯನ್ನೂ ಮಲ್ಟಿಕಾಸ್ಟ್‌ನಲ್ಲೇ, ಅಂದರೆ ಒಂದೇ ಸ್ಟ್ರೀಮ್ ಕಳಿಸಿ ಕೇಳಿದವರಿಗೆಲ್ಲ ಹಂಚುವ ರೀತಿಯಲ್ಲಿ, ಕೊಡ್ತೀನಿ ಅಂದೆ. ಲೈನಿನವರೆಲ್ಲ ನಕ್ಕರು. "ಸುಮ್ನೆ 1550ರಲ್ಲಿ ಆರ್‌ಎಫ್ ಬಿಡಿ ಅಣ್ಣಾ, ಮಲ್ಟಿಕಾಸ್ಟ್ ಎಲ್ಲ ಪುಸ್ತಕದ ಬದನೆಕಾಯಿ." ಅಂದರೆ ಅದೇ ಫೈಬರಿನಲ್ಲಿ ಬೇರೊಂದು ತರಂಗದ ಬೆಳಕಿನ ಮೇಲೆ ಹಳೇ ಕೇಬಲ್ ಸಿಗ್ನಲ್ಲನ್ನೇ ಬಿಡಿ ಅಂತ.

ಮ್ಯಾಚ್ ದಿನ ಎಲ್ಲ ಮನೆಗೂ ಅದೇ ಎಚ್‌ಡಿ ಚಾನೆಲ್ ಬೇಕು. ಮನೆಗೊಂದು ಸ್ಟ್ರೀಮ್ ಅಂದರೆ 7 ಎಂಬಿಪಿಎಸ್ ಲೆಕ್ಕದಲ್ಲಿ ಮೂರೂವರೆ ಗಿಗಾ. ನನ್ನ ಅಪ್‌ಲಿಂಕ್ ಆಗ ಇದ್ದದ್ದೇ ಒಂದು ಗಿಗಾ. ಮಲ್ಟಿಕಾಸ್ಟ್‌ನಲ್ಲಿ ಅದೇ 7 ಸಾಕು. ನನ್ನ ಕಡೆ ಫೈಬರ್‌ಗಳೆಲ್ಲ ಶುರುವಾಗುವ ಪೆಟ್ಟಿಗೆ ಓಎಲ್‌ಟಿ; ಪ್ರತಿ ಫೈಬರ್ ಹೊರಡುವ ಪಾನ್ ಪೋರ್ಟಿಗೊಂದು ಕಾಪಿ ಅದು ತೆಗೆಯುತ್ತದೆ. ಮುಂದೆ 64 ಮನೆಗೆ ಹಂಚೋದು ಬೆಳಕು ಒಡೆಯುವ ಸ್ಪ್ಲಿಟರ್. ಅದಕ್ಕೆ ಕರೆಂಟೂ ಬೇಡ, ಸಂಬಳವೂ ಬೇಡ.

ಹಳೇ ಓಎಲ್‌ಟಿ ಒಂದು 75 ಸಾವಿರಕ್ಕೆ ಸಿಕ್ಕಿತು. ಮೊದಲ ದಿನ ಎಲ್ಲ ಚೆನ್ನಾಗಿತ್ತು. ಎರಡನೇ ದಿನದಿಂದ ಫೋನು: ಚಾನೆಲ್ ನಿಂತು ಹೋಗ್ತಿದೆ. ಚಾನೆಲ್ ಬದಲಿಸಿದರೆ ಮತ್ತೆ ಬರುತ್ತೆ, ಮತ್ತೆ ನಿಲ್ಲುತ್ತೆ. ಬಿಸಿಲಿಗೆ ಅಂದುಕೊಂಡು ಫ್ಯಾನ್ ಹಾಕಿದೆ. ನಾಲ್ಕು ಎಸ್‌ಎಫ್‌ಪಿ (ಫೈಬರ್ ಸಿಕ್ಕಿಸುವ ಮಾಡ್ಯೂಲ್) ಬದಲಿಸಿದೆ, 10-11 ಸಾವಿರ ನೀರಿಗೆ ಹೋಯಿತು. ಬಾಕ್ಸ್ ಮಾರಿದವರು ನಿಮ್ಮ ಫೈಬರ್ ಸರಿ ಇಲ್ಲ ಅಂತ ಕೈ ತೊಳೆದುಕೊಂಡರು. ಸುಮಾರು 40 ಮನೆ ಬಿಟ್ಟು ಹೋದವು.

ಕೊನೆಗೆ ದಾರಿ ತೋರಿಸಿದ್ದು ಬಾಯ್ನಾದ ಒಬ್ಬ ಅಜ್ಜಿ. "ಟಿವಿ ಹಚ್ಚಿ ಚಾಕ್ಕ ಇಡ್ತೀನಪಾ, ಚಾ ಸೋಸೋದ್ರಾಗ ನಿಂತಿರ್ತದ. ದಿನಾ ಅಷ್ಟ ಹೊತ್ತು." ದಿನಾ ಅಷ್ಟೇ ಹೊತ್ತಾ? ಅವರ ಮನೆಯಲ್ಲೇ ಕೂತು ಮೊಬೈಲಿನಲ್ಲಿ ಟೈಮ್ ಹಿಡಿದೆ. 4 ನಿಮಿಷ 20 ಸೆಕೆಂಡು. ಮತ್ತೆ ಹಚ್ಚಿದೆ, ಮತ್ತೆ 4:20. ಅಂದರೆ 260 ಸೆಕೆಂಡು. ಮಲ್ಟಿಕಾಸ್ಟ್‌ನ ಲೆಕ್ಕವೇ ಅದು: 125 ಸೆಕೆಂಡಿಗೊಮ್ಮೆ ಪ್ರಶ್ನೆ, ಅದರ ಎರಡು ಪಟ್ಟು, ಉತ್ತರಕ್ಕೆ ಮೇಲೆ 10. ಬಿಸಿಲೂ ಅಲ್ಲ, ಫೈಬರೂ ಅಲ್ಲ. ಸ್ನೂಪಿಂಗ್ (ಯಾರಿಗೆ ಯಾವ ಚಾನೆಲ್ ಬೇಕು ಅಂತ ಕದ್ದು ಕೇಳಿ ಟೇಬಲ್‌ನಲ್ಲಿ ಬರೆದಿಡುವುದು) ಆನ್ ಮಾಡಿದ್ದೆ, ಆದರೆ ಇನ್ನೂ ಬೇಕಾ ಅಂತ ಆಗಾಗ ಕೇಳುವ ಕ್ವೆರಿಯರ್ ಎಲ್ಲೂ ಇರಲಿಲ್ಲ! ಯಾರೂ ಕೇಳದಿದ್ದರೆ ಮನೆಯ ಟಿವಿ ಬಾಕ್ಸ್ ಯಾಕೆ ಉತ್ತರ ಕೊಡುತ್ತೆ? ಟೇಬಲ್‌ನಿಂದ ಹೆಸರು ಅಳಿಸಿಹೋಗುತ್ತಿತ್ತು. ಜಾಲದ ನಡುವಿನ ಕೋರ್ ಸ್ವಿಚ್‌ನಲ್ಲಿ ಕ್ವೆರಿಯರ್ ಆನ್ ಮಾಡುವ ಒಂದೆರಡು ಸಾಲು ಹಾಕಿದೆ, ಮುಗಿಯಿತು. ಆ ದಿನ ಎರಡು ಚಾ ಕುಡಿದೆ.

ಚಾನೆಲ್ ಬೇಗ ಬದಲಾಗಲಿ ಅಂತ ಫಾಸ್ಟ್ ಲೀವ್ (ಒಂದು ಟಿವಿ ಬಿಟ್ಟೆ ಅಂದ ಕೂಡಲೇ ಆ ಮನೆಗೆ ಚಾನೆಲ್ ನಿಲ್ಲಿಸುವುದು) ಹಾಕಿದ್ದು ಇನ್ನೊಂದು ಕಥೆ. ಎರಡು ಟಿವಿ ಇರುವ ಮನೆಯಲ್ಲಿ ಎರಡೂ ಕಡೆ ಒಂದೇ ಧಾರಾವಾಹಿ. ಅತ್ತೆ ಚಾನೆಲ್ ಬದಲಿಸಿದರೆ ಸೊಸೆಯ ಟಿವಿ ಕಪ್ಪು. ಜಗಳ ನನ್ನ ತನಕ ಬಂತು. ಅಂಥ ಮನೆಗಳಿಗೆ ಅದನ್ನು ತೆಗೆದೆ. ಆದರೂ ಚಾನೆಲ್ ಈಗ ಒಂದು ಸೆಕೆಂಡಿನೊಳಗೆ ಬದಲಾಗುತ್ತದೆ. ಹೇಗೆ ಅಂತ ಇಲ್ಲಿ ಹೇಳಲ್ಲ, ಹೊಟ್ಟೆಪಾಡು.

ಮಳೆಗಾಲದಲ್ಲಿ ಒಂದು ಗಮನಿಸಿ. ಫೈಬರಿನಲ್ಲಿ ತಲುಪುವ ಬೆಳಕಿನ ಪವರ್ ಮೈನಸ್ 28 ಡಿಬಿಎಂ ಹತ್ತಿರ ಹೋದ ಮನೆಯಲ್ಲಿ ನೆಟ್ ಸರಿಯಾಗೇ ಕಾಣುತ್ತದೆ, ಟಿವಿ ಮಾತ್ರ ಚೌಕ ಚೌಕ. ಕಳೆದುಹೋದ ಪ್ಯಾಕೆಟ್ ಮತ್ತೆ ಕೇಳುವ ಪದ್ಧತಿ ಟಿವಿ ಸಾಗುವ ಯುಡಿಪಿಗೆ ಇಲ್ಲ ಅಲ್ವಾ? ನಾನು ಮೈನಸ್ 25 ದಾಟಿದರೆ ಮನೆಯ ಫೈಬರ್ ಬಾಕ್ಸ್ ತೆಗೆದು ಕನೆಕ್ಟರ್ ಒರೆಸುತ್ತೇನೆ.

ಇದನ್ನೇ ವೈಫೈ ಮೇಲೆ ಮೊಬೈಲಿಗೂ ಬಿಡೋಣ ಅಂತ ಹೋಗಿ ಮನೆಯ ನೆಟ್ಟೇ ಮಲಗಿತು. ಮಲ್ಟಿಕಾಸ್ಟನ್ನು ರೂಟರ್ ತನ್ನ ಅತಿ ಕಡಿಮೆ ಸ್ಪೀಡಿನಲ್ಲಿ ಕಳಿಸುತ್ತೆ. ಒಂದು ರೂಟರ್‌ನಲ್ಲಿ ಯುನಿಕಾಸ್ಟ್ (ಫೋನಿಗೊಂದು ಸ್ಟ್ರೀಮ್) ಮಾಡಿಸಿ ನೋಡುತ್ತಿದ್ದೇನೆ, ಮೂರು ಫೋನ್‌ವರೆಗೆ ಪರವಾಗಿಲ್ಲ.

ಬಿಟ್ಟು ಹೋದ 40ರಲ್ಲಿ ಮೂವತ್ತು ಮನೆ ವಾಪಸ್ ಬಂದಿವೆ. ಬದನೆಕಾಯಿ ಅಂದವರು ಮೊನ್ನೆ ಕಾನ್ಫಿಗ್ ಕೇಳಿದರು. ಕಳಿಸಿದೆ, ಎರಡು ಸಾಲು ಬಿಟ್ಟು.