ಬೀದಿಯ ರಾಜ್ಯೋತ್ಸವ: ಪ್ಲಾಸ್ಟಿಕ್ ಇಲ್ಲದೆ ಮಾಡುವುದು ಹೇಗೆ?

ನವೆಂಬರ್ ಬಂತೆಂದರೆ ನಮ್ಮ ಬೀದಿಯಲ್ಲಿ ಚಂದಾ ಪುಸ್ತಕ ಹೊರಬರುತ್ತದೆ. ಬಾವುಟ, ಮೈಕು, ಮಧ್ಯಾಹ್ನ 300 ಜನಕ್ಕೆ ಪುಳಿಯೋಗರೆ, ಮೊಸರನ್ನ, ಪಾಯಸ. ಮೂರು ವರ್ಷದ ಹಿಂದೆ ಹಬ್ಬ ಮುಗಿದ ಸಂಜೆ ಜೋರು ಮಳೆ ಬಂದು ಮೋರಿ ಕಟ್ಟಿಕೊಂಡಿತು. ಕೋಲು ಹಾಕಿ ಎಳೆದರೆ ಬಂದದ್ದು ಬೆಳಿಗ್ಗೆ ನಾವೇ ಕಟ್ಟಿದ್ದ ಹಳದಿ-ಕೆಂಪು ಪ್ಲಾಸ್ಟಿಕ್ ಬಂಟಿಂಗ್ಸ್, ಅಂದರೆ ದಾರಕ್ಕೆ ಪೋಣಿಸಿದ ಸಣ್ಣ ಬಾವುಟಗಳು. ತುಂಬಾ ಸಂಕಟವಾಯಿತು. ಊಟದ ದಿನ ಕಸದ ಬುಟ್ಟಿ ಇಟ್ಟು ಪ್ರಯೋಜನವಿಲ್ಲ, ಅಡುಗೆಯವರಿಗೆ ಮತ್ತು ಶಾಮಿಯಾನದವರಿಗೆ ಆರ್ಡರ್ ಕೊಡುವ ದಿನವೇ ಪ್ಲಾಸ್ಟಿಕ್ ತಡೆಯಬೇಕು ಅಂತ ಆಗ ಗೊತ್ತಾಯಿತು. ನಾವು ಮಾಡುವ ಕ್ರಮ ಇದು.

ಮೊದಲು ಕಾನೂನು ತಿಳಿದುಕೊಳ್ಳಿ

ಕೇಂದ್ರ ಸರ್ಕಾರ 1 ಜುಲೈ 2022ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ, ಬಾವುಟ, ಬಲೂನಿನ ಕಡ್ಡಿ, ಅಲಂಕಾರದ ಥರ್ಮಾಕೋಲ್ ಇವನ್ನೆಲ್ಲ ನಿಷೇಧಿಸಿದೆ. ಆದರೆ ಕರ್ನಾಟಕದಲ್ಲಿ ಅದಕ್ಕಿಂತ ಆರು ವರ್ಷ ಮೊದಲೇ, 11 ಮಾರ್ಚ್ 2016ರಂದು, ಇನ್ನೂ ಬಿಗಿಯಾದ ಅಧಿಸೂಚನೆ ಬಂದಿದೆ. ಫ್ಲೆಕ್ಸ್, ಬ್ಯಾನರ್, ಬಂಟಿಂಗ್ಸ್, ಕ್ಯಾರಿ ಬ್ಯಾಗ್, ಊಟದ ಟೇಬಲ್ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆ ಕೂಡ ಅದರಲ್ಲಿವೆ. ಕವರ್ ಎಷ್ಟೇ ದಪ್ಪ ಇದ್ದರೂ ನಡೆಯಲ್ಲ. "ಇದು ದಪ್ಪದ್ದು ಸಾರ್, ನಡೆಯುತ್ತೆ" ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಅವರು ಹೇಳುವ 120 ಮೈಕ್ರಾನ್ (ಕವರ್‌ನ ದಪ್ಪದ ಅಳತೆ) ಲೆಕ್ಕ ಕೇಂದ್ರದ ನಿಯಮದ್ದು, ನಮ್ಮ ರಾಜ್ಯದ್ದಲ್ಲ.

ಪಾಲಿಕೆಗೆ ಮೊದಲೇ ಹೇಳಿ

ರಸ್ತೆ, ಮೈದಾನದಂಥ ಲೈಸೆನ್ಸ್ ಇಲ್ಲದ ಜಾಗದಲ್ಲಿ 100ಕ್ಕಿಂತ ಜಾಸ್ತಿ ಜನ ಸೇರುವುದಾದರೆ, ಕನಿಷ್ಠ ಮೂರು ಕೆಲಸದ ದಿನ ಮೊದಲು ಸ್ಥಳೀಯ ಸಂಸ್ಥೆಗೆ ತಿಳಿಸಬೇಕು. ಕೇಂದ್ರದ ಘನ ತ್ಯಾಜ್ಯ ನಿಯಮಗಳಲ್ಲಿ 2016ರಲ್ಲೇ ಇದು ಬಂದಿದೆ. ಕಸ ಬೇರೆ ಮಾಡಿ ಒಪ್ಪಿಸುವ ಹೊಣೆಯೂ ಕಾರ್ಯಕ್ರಮ ಮಾಡುವವರದ್ದೇ. ಒಂದು ಪತ್ರ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಆಗಲೇ ಕಸದ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಅಂತಲೂ ಕೇಳಿಬಿಡಿ.

ಆರ್ಡರ್ ಚೀಟಿಯಲ್ಲಿ ಬರೆಸಿ

ಜಾಸ್ತಿ ಗಮನ ಬೇಕಾದದ್ದು ಇಲ್ಲೇ. ಅಡುಗೆ ಕಂಟ್ರಾಕ್ಟರ್ ಕೊಡುವ ರೇಟಿನಲ್ಲಿ ನೀರಿನ ಬಾಟಲಿ, ಪೇಪರ್ ಲೋಟ, ಟೇಬಲ್ ರೋಲ್, ಪಾಯಸದ ಕಪ್ಪು ಎಲ್ಲ ಸೇರಿರುತ್ತದೆ. ನಾವು ಕೇಳದಿದ್ದರೂ ಬರುತ್ತದೆ. ಒಂದೊಂದನ್ನೂ ಹೆಸರು ಹಿಡಿದು ಹೊಡೆದು ಹಾಕಿಸಿ, ಅಷ್ಟು ದುಡ್ಡು ಕಡಿಮೆ ಮಾಡಿಸಿ. ಬಾಯಿಮಾತಿಗೆ ಬಿಟ್ಟರೆ ಊಟದ ದಿನ ಟೆಂಪೋದಿಂದ ಇಳಿದೇ ಇಳಿಯುತ್ತದೆ.

ನಮ್ಮಲ್ಲಿ ಒಂದು ಸಲ ಹಾಗೇ ಆಯಿತು. ಎಲೆ ಚಿತ್ರ ಇರುವ ಪೇಪರ್ ಲೋಟ ಬಂತು. "ಇದು ಪೇಪರ್ರು, ಪ್ಲಾಸ್ಟಿಕ್ ಅಲ್ಲ" ಅಂದರು. ಒಂದು ಲೋಟ ಹರಿದು ನೀರಿನಲ್ಲಿ ನೆನೆಹಾಕಿ, ಸ್ವಲ್ಪ ಹೊತ್ತು ಬಿಟ್ಟು ಬೆರಳಲ್ಲಿ ಉಜ್ಜಿದೆ. ಕಾಗದ ಮುದ್ದೆಯಾಗಿ ಬಿಟ್ಟುಕೊಂಡಿತು. ಕೈಯಲ್ಲಿ ಉಳಿದದ್ದು ಈರುಳ್ಳಿ ಪೊರೆಯಂಥ ತೆಳು ಪ್ಲಾಸ್ಟಿಕ್. ನೀವೂ ಮನೆಯಲ್ಲಿ ಮಾಡಿ ನೋಡಿ. ಇಂಥ ಲೋಟದಲ್ಲಿ 100 ಮಿಲಿ ಬಿಸಿನೀರು 15 ನಿಮಿಷ ಇದ್ದರೆ ಸುಮಾರು 25,000 ಪ್ಲಾಸ್ಟಿಕ್ ಕಣ ಬೆರೆಯುತ್ತವೆ ಅಂತ ಖರಗ್‌ಪುರ ಐಐಟಿಯವರು ಕಂಡುಕೊಂಡಿದ್ದಾರೆ. ಮಕ್ಕಳಿಗೆ ಬಿಸಿ ಹಾಲು ಕೊಡುವುದು ಇದರಲ್ಲೇ ಅಲ್ವಾ?

ಎಲೆ, ಲೋಟ, ನೀರು

ಊಟಕ್ಕೆ ಬಾಳೆ ಎಲೆ, ಇಲ್ಲವೇ ಮುತ್ತುಗದ ಎಲೆ. ನಿಂತು ತಿನ್ನುವವರಿಗೆ ಅಡಿಕೆ ಹಾಳೆ ತಟ್ಟೆ. ಬಾಳೆ ಎಲೆ ಇದ್ದರೆ ಟೇಬಲ್ ಮೇಲೆ ರೋಲ್ ಹಾಸುವ ಅಗತ್ಯವೇ ಇಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಸ್ಟೀಲ್ ಲೋಟ ಶಾಮಿಯಾನ ಅಂಗಡಿಯಲ್ಲೇ ಬಾಡಿಗೆಗೆ ಸಿಗುತ್ತದೆ. ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆಯ ತಟ್ಟೆ ಬ್ಯಾಂಕ್ ಇದೆ, ಸಮಾರಂಭಗಳಿಗೆ ಸ್ಟೀಲ್ ತಟ್ಟೆ, ಲೋಟ ಕೊಡುತ್ತಾರೆ. 300 ಜನಕ್ಕೆ 300 ಲೋಟ ಬೇಕಾಗಿಲ್ಲ. ನೂರು ಜನರ ಪಂಕ್ತಿಯಂತೆ ಮೂರು ಪಂಕ್ತಿ ಹಾಕಿದರೆ ಸುಮಾರು 150 ಲೋಟದಲ್ಲಿ ಸುಧಾರಿಸಬಹುದು. ಎರಡು ಟಬ್ ಸೋಪಿನ ನೀರು, ಎರಡು ಟಬ್ ಶುದ್ಧ ನೀರು, ತೊಳೆಯಲು ಇಬ್ಬರು. ಅವರ ಕೂಲಿಯನ್ನು ಬಾಟಲಿಗೆ ಉಳಿದ ದುಡ್ಡಿನಲ್ಲೇ ಕೊಡಬಹುದು, ಧಾರಾಳವಾಗಿ ಕೊಡಿ.

ನೀರಿಗೆ ನಲ್ಲಿ ಇರುವ ಡ್ರಮ್, ಇಲ್ಲವೇ 20 ಲೀಟರ್ ಕ್ಯಾನ್. ಸಣ್ಣ ಬಾಟಲಿ ಕೇಂದ್ರದ ನಿಷೇಧದ ಪಟ್ಟಿಯಲ್ಲಿ ಇಲ್ಲ, ನಿಜ. ಆದರೆ ಎರಡು ಗುಟುಕು ಕುಡಿದು ಬಿಟ್ಟ ಬಾಟಲಿಗಳೇ ನಮ್ಮಲ್ಲಿ ಚೀಲಗಟ್ಟಲೆ ತುಂಬುತ್ತಿದ್ದವು. ಸರ್ಕಾರಿ ಸಭೆ, ಸಮಾರಂಭಗಳಲ್ಲಿ ಪ್ಲಾಸ್ಟಿಕ್ ಬಾಟಲಿ ಬೇಡ ಅಂತ 2025ರ ಅಕ್ಟೋಬರ್‌ನಲ್ಲಿ ಮುಖ್ಯಮಂತ್ರಿಗಳೇ ಸೂಚಿಸಿದ್ದಾರೆ. ನಮ್ಮ ಬೀದಿಗೂ ಅದೇ ಇರಲಿ.

ಅಲಂಕಾರ ಮತ್ತು ಪ್ರಸಾದ

ಬಟ್ಟೆಯ ಬಂಟಿಂಗ್ಸ್ ಹೊಲಿಸಿ. ಮಾವಿನ ತೋರಣ, ಚೆಂಡುಹೂವು, ಬಾಳೆಕಂದು ಇದ್ದರೆ ವೇದಿಕೆ ತುಂಬಿಕೊಳ್ಳುತ್ತದೆ. ಬ್ಯಾನರ್‌ನಲ್ಲಿ ಇಸವಿ ಬರೆಸಬೇಡಿ, ಮುಂದಿನ ವರ್ಷಕ್ಕೂ ಆಗುತ್ತದೆ. ಅತಿಥಿಗಳ ಹೆಸರು ಕಪ್ಪು ಹಲಗೆಯಲ್ಲಿ ಚಾಕ್‌ನಿಂದ ಬರೆದರೆ ಚೆನ್ನಾಗಿಯೇ ಕಾಣುತ್ತದೆ.

ತಾಂಬೂಲದ ಚೀಲದ ವಿಷಯದಲ್ಲಿ ಹುಷಾರು. ಬಟ್ಟೆಯಂತೆ ಕಾಣುವ ನಾನ್-ವೋವನ್ ಚೀಲವೂ ಪ್ಲಾಸ್ಟಿಕ್ಕೇ. ಮೂಲೆಯಿಂದ ಒಂದು ಸಣ್ಣ ಚೂರು ಕತ್ತರಿಸಿ, ಚಿಮಟದಲ್ಲಿ ಹಿಡಿದು ಬೆಂಕಿ ತಾಗಿಸಿ. ಹತ್ತಿಯದಾದರೆ ಉರಿದು ಬೂದಿಯಾಗುತ್ತದೆ, ಪ್ಲಾಸ್ಟಿಕ್ ಆದರೆ ಕರಗಿ ಉಂಡೆ ಕಟ್ಟುತ್ತದೆ. ಲಾಡನ್ನು ಕವರ್‌ಗೆ ಹಾಕುವ ಬದಲು ದೊನ್ನೆಯಲ್ಲಿ ಕೊಡಿ. "ಮನೆಯಿಂದ ಚೀಲ ತನ್ನಿ" ಅಂತ ಕರೆಯೋಲೆಯಲ್ಲೇ ಒಂದು ಸಾಲು ಸೇರಿಸಿ. ಬಸವನಗುಡಿ ಕಡಲೆಕಾಯಿ ಪರಿಷೆಯಲ್ಲೂ ಕೈಚೀಲ ತನ್ನಿ ಅಂತ ಕರೆ ಕೊಟ್ಟಿದ್ದರು.

ಆ ದಿನ

ಹಸಿಕಸಕ್ಕೆ ಹಸಿರು ಬುಟ್ಟಿ, ಒಣಕಸಕ್ಕೆ ಚೀಲ, ಉಳಿದದ್ದಕ್ಕೆ ಕೆಂಪು ಬುಟ್ಟಿ. ಕೈ ತೊಳೆಯುವ ಜಾಗದ ಪಕ್ಕದಲ್ಲೇ ಇಡಿ, ದೂರ ಇಟ್ಟರೆ ಯಾರೂ ಹೋಗಲ್ಲ. ಸುಮ್ನೆ ಬೋರ್ಡ್ ಹಾಕಿ ಬಿಡಬೇಡಿ. ಇಬ್ಬರು ಹುಡುಗರನ್ನು ನಿಲ್ಲಿಸಿ, "ಅಕ್ಕಾ, ಎಲೆ ಇಲ್ಲಿ ಹಾಕಿ" ಅನ್ನಲಿ. ಮೊದಲ ಪಂಕ್ತಿಯವರು ಕಲಿತರೆ ಎರಡನೆಯವರು ನೋಡಿ ಹಾಕುತ್ತಾರೆ. ಹತ್ತಿರದಲ್ಲಿ ಹಸು ಸಾಕಿದವರಿದ್ದರೆ ಮೊದಲೇ ಹೇಳಿಡಿ, ಬಾಳೆ ಎಲೆ ಒಯ್ಯುತ್ತಾರೆ.

ಸಂಜೆ ಲೋಟ ಎಣಿಸಿ ವಾಪಸ್ ಕೊಟ್ಟ ಮೇಲೆ ಬಂಟಿಂಗ್ಸ್ ಬಿಚ್ಚಿ ಒಗೆದು ಒಣಗಿಸಿ. ನಮ್ಮದು ಹಳೇ ಟ್ರಂಕಿನಲ್ಲಿ ನುಸಿ ಗುಳಿಗೆ ಜೊತೆ ಮಡಚಿಟ್ಟಿದೆ. ಈ ನವೆಂಬರ್‌ಗೆ ಅದಕ್ಕೆ ಮೂರನೇ ವರ್ಷ.