ಸಣ್ಣಜ್ಜನ ಯುದ್ಧದ ನೋಟ್‌ಬುಕ್ಕು: ಗೀಟು ಹೊಡೆದ ಸಾಲುಗಳನ್ನು ಓದಿದ ಅನುಭವ

ರೋಣ ತಾಲೂಕಿನ ನಮ್ಮ ಹಳೇ ಮನೆಯ ಮಾಳಿಗೆ ಸೋರುತ್ತಿತ್ತು. ಮೇಲುಮಣ್ಣು ತೆಗೆಸಿ ಜಂತಿ ಬದಲಿಸೋಣ ಅಂತ ಸಾಮಾನು ಹೊರಗೆ ಹಾಕುವಾಗ ಒಂದು ಟ್ರಂಕು ಸಿಕ್ಕಿತು. ಅದರೊಳಗೆ ಖಣದ ತುಂಡಿನಲ್ಲಿ ಸುತ್ತಿಟ್ಟ ಒಂದು ಸಣ್ಣ ನೋಟ್‌ಬುಕ್ಕು. ಅಂಗೈಗಿಂತ ಸ್ವಲ್ಪ ದೊಡ್ಡದು, 64 ಪುಟ. ಅವ್ವನ ಕಾಕಾ, ನಮಗೆ ಸಣ್ಣಜ್ಜ, ಎರಡನೇ ಮಹಾಯುದ್ಧದಲ್ಲಿ ಇಟಲಿಗೆ ಹೋಗಿ ಬಂದವರು. ಹೇಸರಗತ್ತೆಗಳ ಮೇಲೆ ರೇಷನ್ನು, ಮದ್ದುಗುಂಡು ಹೇರಿಕೊಂಡು ಗುಡ್ಡ ಹತ್ತುವ ಕೆಲಸ ಅವರದು. ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವರು ಅನ್ನುವುದು ಗೊತ್ತಿತ್ತು. ಪದ ಕಟ್ಟುತ್ತಿದ್ದರು ಅನ್ನುವುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಒಳಗೆ 11 ಪದಗಳಿದ್ದವು. ಎಲ್ಲವೂ ತ್ರಿಪದಿ, ನಮ್ಮ ಕಡೆ ಬೀಸುವಾಗ ಹಾಡುವ ಧಾಟಿ. ನಡುನಡುವೆ ಹೊಟ್ಟು, ಕಾಳು, ನಾಲಿನ ಲೆಕ್ಕ. ಒಂದೊಂದು ಸಾಲನ್ನೂ ಮೂರು ನಾಲ್ಕು ಸಲ ಬರೆದು ಹೊಡೆದಿದ್ದಾರೆ. ಇದನ್ನು ಪೂರ್ತಿ ಓದಿ ಇಳಿಸಿಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು. ನಿಮ್ಮ ಮನೆಯಲ್ಲೂ ಇಂಥದ್ದು ಇದ್ದರೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಒಂದು ಪುಟಕ್ಕೆ ಮಣ್ಣು ಮೆತ್ತಿತ್ತು. ಒದ್ದೆ ಬಟ್ಟೆಯ ತುದಿಯಿಂದ ಮೆಲ್ಲಗೆ ಒರೆಸಿದೆ. ನೋಡನೋಡುತ್ತಿದ್ದಂತೆ ಬೂದು ಅಕ್ಷರಗಳು ನೇರಳೆ ಬಣ್ಣಕ್ಕೆ ತಿರುಗಿ ಹರಿಯತೊಡಗಿದವು. ಎರಡು ಸಾಲು ಹೋಯಿತು. ಸಣ್ಣಜ್ಜ ಬಳಸಿದ್ದು ಸಾದಾ ಪೆನ್ಸಿಲ್ ಅಲ್ಲ, ಕಾಪಿಯಿಂಗ್ ಪೆನ್ಸಿಲ್. ಅದರ ಕಡ್ಡಿಯಲ್ಲಿ ಗ್ರಾಫೈಟ್ ಜೊತೆ ಬಣ್ಣ ಬೆರೆಸಿರುತ್ತಾರೆ. ಒಣಗಿದ್ದಾಗ ಪೆನ್ಸಿಲಿನಂತೆ ಕಾಣುತ್ತದೆ, ನೀರು ತಾಗಿದರೆ ಶಾಯಿಯಾಗುತ್ತದೆ. ಶಾಯಿ ದೌತಿ ಹೊತ್ತು ತಿರುಗಲಾಗದ ಸಿಪಾಯಿಗಳಿಗೆ ಅದು ಅನುಕೂಲ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಮೇಲೆ ನೀರಿನ ಲೋಟವನ್ನು ಸಹ ಆ ಕೋಣೆಯೊಳಗೆ ಒಯ್ಯಲಿಲ್ಲ. ಮಣ್ಣನ್ನು ಒಣ ಮೆತ್ತನೆ ಬ್ರಷ್‌ನಿಂದ ಉದುರಿಸಿದೆ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಲಿಲ್ಲ, ಅದರ ಅಂಟು ವರ್ಷಗಳು ಕಳೆದಂತೆ ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ.

ಓದುವುದಕ್ಕೆ ನೆರವಾಗಿದ್ದು ಮೊಬೈಲ್ ಟಾರ್ಚು. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಕಾಗದದ ಮಟ್ಟಕ್ಕೇ ಮಲಗಿಸಿ ಪಕ್ಕದಿಂದ ಬೆಳಕು ಬಿಡಬೇಕು. ಬಣ್ಣ ಮಾಸಿದ್ದರೂ ಒತ್ತಿ ಬರೆದ ತಗ್ಗು ಉಳಿದಿರುತ್ತದೆ. ಆ ತಗ್ಗಿನಲ್ಲಿ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ನಾನು ಪ್ರತಿ ಪುಟಕ್ಕೂ ನಾಲ್ಕೂ ಕಡೆಯಿಂದ ಬೆಳಕು ಬಿಟ್ಟು ನಾಲ್ಕು ಫೋಟೊ ತೆಗೆದೆ. ಹಿಂಬದಿಯ ಉಬ್ಬನ್ನೂ ಬಿಡಲಿಲ್ಲ.

ಒಂದು ಪದವನ್ನು ಹತ್ತಿರದಿಂದ ತೋರಿಸುತ್ತೇನೆ. ಅದರ ಮೊದಲ ಸಾಲನ್ನು ನಾನು ತಿಂಗಳುಗಟ್ಟಲೆ "ಊರೆಂಬುದಿಲ್ಲಿಲ್ಲ ಮನವೆಲ್ಲ ಸುಟ್ಟಾವ" ಅಂತ ಓದಿಕೊಂಡಿದ್ದೆ. ಮನವೆಲ್ಲ ಸುಟ್ಟಿದೆ, ಎಂಥ ಮಾತು ಅಂತ ಗೆಳೆಯರಿಗೂ ಹೇಳಿದ್ದೆ. ಆದರೆ "ಸುಟ್ಟಾವ" ಅನ್ನುವುದು ಕಿವಿಗೆ ಚುಚ್ಚುತ್ತಿತ್ತು. ಮನ ಒಂದೇ ಆದರೆ ಸುಟ್ಟೈತಿ ಆಗಬೇಕಲ್ವಾ? ಮತ್ತೆ ಟಾರ್ಚು ಹಿಡಿದೆ. ಎಡದಿಂದ ಬಂದ ಬೆಳಕಿನಲ್ಲಿ ನಕಾರದ ತಲೆಯ ಮೇಲೆ ಒಂದು ಗುಂಡನೆ ತಗ್ಗು ಕಂಡಿತು. ತಲೆಕಟ್ಟಲ್ಲ, ಗುಡಿಸು. ಮುಂದಿನ ಅಕ್ಷರ ವೆ ಅಲ್ಲ, ಮಡಿಕೆಯಲ್ಲಿ ಸವೆದ ಯೆ. "ಮನಿಯೆಲ್ಲ ಸುಟ್ಟಾವ." ಸಣ್ಣಜ್ಜ ಮನಸ್ಸಿನ ಮಾತೇ ಆಡಿರಲಿಲ್ಲ. ಸುಟ್ಟ ಮನೆಗಳನ್ನು ಕಂಡು ಸುಟ್ಟ ಮನೆಗಳು ಅಂತಲೇ ಬರೆದಿದ್ದರು. ನನಗೆ ಚೆಂದ ಕಂಡಿದ್ದನ್ನು ನಾನು ಅವರ ಬಾಯಿಗೆ ಹಾಕಿದ್ದೆ. ಎಂ.ಎ. ಓದುವಾಗ ಧಾರವಾಡದಲ್ಲಿ ಪಾಠಾಂತರದ ಬಗ್ಗೆ, ಅಂದರೆ ಒಂದೇ ಕೃತಿಯ ಪ್ರತಿಗಳಲ್ಲಿ ಕಾಣುವ ವ್ಯತ್ಯಾಸಗಳ ಬಗ್ಗೆ, ಎಷ್ಟೋ ಕೇಳಿದ್ದೆ. ತಾಳೆಗರಿಯ ಲಿಪಿಕಾರರು ತಮಗೆ ರುಚಿಸಿದಂತೆ ತಿದ್ದಿದ್ದನ್ನು ಪರೀಕ್ಷೆಯಲ್ಲಿ ಬರೆದಿದ್ದೆ. ಅದನ್ನೇ ನಾನೂ ಮಾಡಿದ್ದೆ.

ಇನ್ನು ಕಾಲ. ನೋಟ್‌ಬುಕ್ಕಿನಲ್ಲಿ ಊರಿನ ಹೆಸರಿಲ್ಲ, ತಾರೀಖಿಲ್ಲ. ಎಲ್ಲಿದ್ದೇವೆ ಅಂತ ಬರೆಯುವುದಕ್ಕೆ ಸಿಪಾಯಿಗಳಿಗೆ ಪರವಾನಗಿ ಇರಲಿಲ್ಲ. ಮಳೆಯ ಪದದ ಮೇಲೆ ಮಾತ್ರ "ಗೌರಿ ಹುಣ್ಣಿವಿ ಮುಗದು ನಾಕ ದಿನ, ದರ್ಯಾ ದಾಟಿ ಎರಡ ತಿಂಗಳಾತು" ಎಂದಿದೆ. ಎಂಟನೇ ಇಂಡಿಯನ್ ಡಿವಿಜನ್ ಇಟಲಿಯ ತಾರಾಂತೊ ಬಂದರಿಗೆ ಇಳಿದಿದ್ದು 1943ರ ಸೆಪ್ಟೆಂಬರಿನಲ್ಲಿ. ಆ ವರ್ಷ ಗೌರಿ ಹುಣ್ಣಿಮೆ, ಅಂದರೆ ಕಾರ್ತಿಕದ ಹುಣ್ಣಿಮೆ, ನವೆಂಬರಿನಲ್ಲಿ ಬಿತ್ತು. ಸಾಂಗ್ರೊ ಹೊಳೆ ತುಂಬಿ ಹರಿದು ಪಡೆಗಳನ್ನು ತಡೆದು ನಿಲ್ಲಿಸಿದ್ದೂ ಅದೇ ತಿಂಗಳು. ಸಣ್ಣಜ್ಜನ ಕೆಸರು, ಮಳೆ, ನಡುಗುವ ಹೇಸರಗತ್ತೆ ಎಲ್ಲ ಅಲ್ಲಿಗೆ ಹೊಂದುತ್ತವೆ.

ನೀರು ತಾಗಿ ಹೋದ ಆ ಎರಡು ಸಾಲು ಇದೇ ಮಳೆಯ ಪದದ್ದು. ಅವನ್ನು ಎಲ್ಲಿ ಹುಡುಕಬೇಕು ಅಂತ ನನಗೆ ಹೊಳೆದಿದ್ದು ಹಂಗೆರಿಯ ಕವಿ ಮಿಕ್ಲೋಶ್ ರಾದ್ನೋತಿಯ ಕಥೆಯಿಂದ. 1944ರಲ್ಲಿ ಅವರನ್ನು ಸರ್ಬಿಯಾದ ಬೋರ್ ಎಂಬಲ್ಲಿ ತಾಮ್ರದ ಗಣಿಯ ಕಡೆಗೆ ಕೂಲಿಗೆ ಹಾಕಿದ್ದರು. ಅಲ್ಲೂ, ಆಮೇಲೆ ಅಲ್ಲಿಂದ ನಡೆಸಿಕೊಂಡು ಹೋದ ದಾರಿಯಲ್ಲೂ ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಅವರು ಬರೆದಿದ್ದು 10 ಕವಿತೆ. ಸಿಕ್ಕವರು ಇದನ್ನು ಬುಡಾಪೆಸ್ಟಿಗೆ ತಲುಪಿಸಿ ಅಂತ ಮೊದಲ ಪುಟದಲ್ಲಿ ಐದು ಭಾಷೆಗಳಲ್ಲಿ ಕೇಳಿಕೊಂಡಿದ್ದರು. ಆ ನವೆಂಬರಿನಲ್ಲಿ ಅಬ್ದಾ ಎಂಬ ಹಳ್ಳಿಯ ಹತ್ತಿರ ಅವರನ್ನೂ ಜೊತೆಗಾರರನ್ನೂ ಗುಂಡಿಕ್ಕಿ ಒಂದೇ ಗುಂಡಿಯಲ್ಲಿ ಹೂತರು. 1946ರಲ್ಲಿ ಅಗೆದಾಗ ನೋಟ್‌ಬುಕ್ಕು ಅವರ ಕೋಟಿನ ಜೇಬಿನಲ್ಲೇ ಇತ್ತು. ಒದ್ದೆಗೆ ಅಳಿಸಿಹೋಗಿದ್ದ ಕೆಲವು ಕವಿತೆಗಳು ಉಳಿದಿದ್ದು ಅವರು ಕ್ಯಾಂಪಿನ ಗೆಳೆಯನಿಗೆ ಬರೆದುಕೊಟ್ಟಿದ್ದ ಪ್ರತಿಯಿಂದ. ಇದನ್ನು ಓದಿದಾಗ ಅನ್ನಿಸಿತು, ಸಣ್ಣಜ್ಜನೂ ಯಾರಿಗಾದರೂ ಬರೆದು ಕಳಿಸಿರಬಹುದಲ್ಲ?

ಅಣ್ಣಿಗೇರಿಯಲ್ಲಿ ಅವರ ತಂಗಿಯ ಮನೆಯಿದೆ. ಹೋಗಿ ಕೇಳಿದೆ. ದೇವರ ಗೂಡಿನ ಹಿಂದಿನಿಂದ ಒಂದು ಕಾಗದದ ಕಟ್ಟು ಬಂತು. ಸೆನ್ಸಾರಿನ ಮೊಹರು ಬಿದ್ದ ಒಂದು ಪತ್ರ, ತಾಯಿಗೆ ಬರೆದಿದ್ದು. "ನಾ ಆರಾಮ ಅದೀನಿ, ಇಲ್ಲಿ ಮಳಿ ಭಾಳ" ಅಂತ ಶುರುವಾಗಿ, ಕೆಳಗೆ ಮಳೆಯ ಪದ ಇಡಿಯಾಗಿ ಇತ್ತು. ನಾನು ಕಳೆದ ಎರಡೂ ಸಾಲು ಅಲ್ಲಿದ್ದವು. ನೋಟ್‌ಬುಕ್ಕಿನಲ್ಲಿ ಅದರ ಬೆನ್ನಿಗೇ ಇರುವ ಸುಟ್ಟ ಮನೆಗಳ ಪದ ಮಾತ್ರ ಪತ್ರದಲ್ಲಿ ಇರಲಿಲ್ಲ.

ಆ ಪದದ ಕೊನೆಯ ಸಾಲನ್ನು ಅವರು ಮೂರು ಸಲ ಬರೆದಿದ್ದಾರೆ. ಮೊದಲು "ಮಗನ ಹಾದೀಯ ನೋಡ್ತಾಳ." ಅದಕ್ಕೆ ಒಂದೇ ಗೀಟು. ಆಮೇಲೆ "ನನ್ನ ಹಡದವ್ವನ ಹಂಗಽದಾಳ." ಅದನ್ನು ಕಾಗದ ಹರಿಯುವಷ್ಟು ಹೊಡೆದಿದ್ದಾರೆ. ಅದನ್ನು ಓದಿದ್ದು ಹಿಂಬದಿಯ ಉಬ್ಬಿನಿಂದ, ಫೋಟೊ ತಿರುಗಿಸಿ. ಕೊನೆಗೆ ಉಳಿಸಿದ್ದು "ಯಾರ ಹಡದವ್ವೊ ನಾನರಿಯೆ." ಊರ, ದ್ವಾರ, ಯಾರ ಅಂತ ಪ್ರಾಸ ಕೂಡಿದ್ದು ಆಗಲೇ. ಬರೀ ಪ್ರಾಸಕ್ಕಾಗಿ ಬದಲಿಸಿದ್ದಾದರೆ ಅಷ್ಟು ಒತ್ತಿ ಹೊಡೆಯುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಅವ್ವನಿಗೆ ಇದು ಸರಿಬರಲಿಲ್ಲ. "ಕಾಕಾಗ ಅದು ಬ್ಯಾಡಾಗಿತ್ತು, ಅದಕ್ಕಽ ಗೀಟ ಹೊಡದಾನ. ನೀ ಯಾಕ ಅದನ್ನ ಕೆದರಿ ತಗೀತಿ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ವಾರಗಟ್ಟಲೆ ಯೋಚಿಸಿ ಒಂದು ನಿರ್ಧಾರಕ್ಕೆ ಬಂದೆ. ಪದದ ಪುಟದಲ್ಲಿ ಅವರು ಉಳಿಸಿದ ಸಾಲಷ್ಟೇ ಇರಬೇಕು. ಹೊಡೆದ ಸಾಲುಗಳು ಪುಸ್ತಕದ ಹಿಂದೆ ಬೇರೆ ಹಾಳೆಯಲ್ಲಿ, ಸಣ್ಣ ಅಕ್ಷರದಲ್ಲಿ. ಅವ್ವ ಹೂಂ ಅಂದಳು, ಅರೆಮನಸ್ಸಿನಿಂದ.

ಟೈಪ್ ಮಾಡಿಸುವಾಗ ಜಾಸ್ತಿ ಎಚ್ಚರ ಬೇಕು. ನಾನು ಕೊಟ್ಟಿದ್ದ ಅಂಗಡಿಯವರು ಒಳ್ಳೆಯ ಮನಸ್ಸಿನಿಂದಲೇ ಮಳಿಯನ್ನು ಮಳೆ, ಮನಿಯನ್ನು ಮನೆ ಅಂತ ತಿದ್ದಿಬಿಟ್ಟಿದ್ದರು. ಸ್ವರ ಎಳೆಯುವುದನ್ನು ತೋರಿಸುವ ಅವಗ್ರಹದ ಚಿಹ್ನೆ (ಽ) ಎಲ್ಲ ಕಡೆ ಮಾಯವಾಗಿತ್ತು. ಯೂನಿಕೋಡ್‌ನಲ್ಲಿ ಽ ಇದೆ, ಅದನ್ನೇ ಹಾಕಿ ನಾನೇ ಮತ್ತೆ ಟೈಪ್ ಮಾಡಿದೆ. ಅನುಮಾನವಿದ್ದ ಅಕ್ಷರದ ಪಕ್ಕ ಪ್ರಶ್ನಾರ್ಥಕ ಚಿಹ್ನೆ, ಹೋದ ಅಕ್ಷರಕ್ಕೆ ಚುಕ್ಕಿ.

ಚುಕ್ಕಿ ಉಳಿದಿದ್ದು ಒಂದೇ ಕಡೆ, ಅದೇ ಪದದ ಎರಡನೇ ಸಾಲಿನಲ್ಲಿ:

ಊರೆಂಬುದಿಲ್ಲಿಲ್ಲ ಮನಿಯೆಲ್ಲ ಸುಟ್ಟಾವ
ದ್ವಾರಬಾಗಿಲಕ ........ ನಿಂತಾಳ
ಯಾರ ಹಡದವ್ವೊ ನಾನರಿಯೆ

ಅಲ್ಲಿ ಹುಳ ತಿಂದ ತೂತು. ತ್ರಿಪದಿಯ ಲೆಕ್ಕ ಹಾಕಿದರೆ ಅಲ್ಲಿ ಹೋಗಿದ್ದು ಐದು ಮಾತ್ರೆ. "ಒಬ್ಬಾಕಿ" ಇದ್ದೀತು ಅಂತ ನನ್ನ ಊಹೆ. ಐದು ಮಾತ್ರೆಗೆ ಸರಿಹೊಂದುತ್ತದೆ ಕೂಡ. ಟೈಪಾದ ಹಾಳೆಯನ್ನು ಅವ್ವನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಮೊದಲು ಸುಮ್ನೆ ಓದಿದಳು. ಆಮೇಲೆ ಬೀಸುವ ಧಾಟಿಯಲ್ಲಿ ಎಳೆದು ಹಾಡಿದಳು. ಚುಕ್ಕಿ ಬಂದಲ್ಲಿ ನಿಲ್ಲಲೇ ಇಲ್ಲ. "ದ್ವಾರಬಾಗಿಲಕ ತಲಿಹಚ್ಚಿ ನಿಂತಾಳ" ಅಂತ ಹಾಡಿಕೊಂಡು ಮುಂದೆ ಹೋದಳು.

ಎಣಿಸಿದೆ, ಅದೂ ಐದೇ ಮಾತ್ರೆ. ಪದದಲ್ಲಿ ಚುಕ್ಕಿಗಳನ್ನು ಹಾಗೇ ಬಿಟ್ಟಿದ್ದೇನೆ. ಅವ್ವನ ಮಾತನ್ನು ನನ್ನ ಪ್ರತಿಯ ಅಂಚಿನಲ್ಲಿ ಸಾದಾ ಪೆನ್ಸಿಲಿನಿಂದ ಬರೆದು, ಪಕ್ಕದಲ್ಲಿ ಅವಳ ಹೆಸರು ಹಾಕಿಟ್ಟಿದ್ದೇನೆ.